ಸೋಮವಾರ ಸಾಯದ ಕೋಳಿಗಳು

ಈ ಸಂಗತಿಯನ್ನು ಬರೆದುಬಿಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲ ವರ್ಷ ಕಣ್ಣಿನ ಪೊರೆ ತೆಗೆಸಿದೆ. ಓದುವುದು ಬರೆಯುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಹದಿನೈದು ದಿನಕ್ಕೆ, ನಾನು ಪಾಲಿಸಿದ್ದು ಒಂದು ವರ್ಷ. ಎರಡನೆಯ ವರ್ಷ ಕೈಗೆ ಒಗ್ಗುವ ಪೆನ್ನು ಸಿಗಲಿಲ್ಲ. ಈ ವರ್ಷ ಕಣ್ಣೂ ಸರಿಯಿದೆ, ಪೆನ್ನೂ ಸಿಕ್ಕಿದೆ, ನೆಪ ಮಾತ್ರ ಮುಗಿದುಹೋಗಿದೆ. ಬೇರೆಯವರ ತಪ್ಪನ್ನಾದರೆ ನಾನು ಅರಳಿಕಟ್ಟೆಯ ಮೇಲೆ ಕೂತಲ್ಲೇ, ಎಲೆಅಡಿಕೆ ಉಗುಳುವುದಕ್ಕೂ ಏಳದೆ ಹೇಳಿ ಮುಗಿಸಬಲ್ಲೆ. ನನ್ನದನ್ನು ಹೇಳಬೇಕಾದಾಗ ಮಾತ್ರ ಬೆಳಕು ಸಾಲದು, ಕುರ್ಚಿ ಸರಿಯಿಲ್ಲ, ಯಾರೋ ಕರೆದ ಹಾಗಾಗುತ್ತದೆ. ಈಗಲೂ ಯಾರೋ ಕರೆದ ಹಾಗಾಯಿತು. ಎದ್ದು ನೋಡಿ ಬಂದೆ. ಯಾರೂ ಇರಲಿಲ್ಲ.

ನಮ್ಮೂರು ಶಿಕಾರಿಪುರ ತಾಲ್ಲೂಕಿನಲ್ಲಿ, ತೊಗರ್ಸಿಯ ಹತ್ತಿರ. ನನಗೆ ಎಪ್ಪತ್ತೆರಡು. ಎಸ್ಸೆಲ್ಸಿ ಪಾಸು, ಅದೂ ಒಂದೇ ಏಟಿಗೆ. ನಮ್ಮದು ಲಿಂಗವಂತರ ಮನೆ. ಮೊಟ್ಟೆ ಹಾಕಿದ ಬಿಸ್ಕತ್ತು ಬಂದರೂ ಹೊಸಲು ದಾಟುವುದಿಲ್ಲ. ಇಂಥ ಮನೆಯ ಹಿಂದಿನ ಹೊಲದಲ್ಲಿ ಎರಡು ಸಾವಿರ ಬ್ರಾಯ್ಲರ್ ಕೋಳಿಗಳು ಇರುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡಿದ್ದೇನೆ, ಉತ್ತರ ಬರುವ ಮೊದಲೇ ಬೇರೆ ಕೆಲಸಕ್ಕೆ ಎದ್ದುಹೋಗಿದ್ದೇನೆ. ಕಂಪನಿಯವರು ಮರಿ ಕೊಡುತ್ತಾರೆ, ಮೇವು ಕೊಡುತ್ತಾರೆ, ದೊಡ್ಡದಾದ ಮೇಲೆ ಲಾರಿ ತಂದು ತುಂಬಿಕೊಂಡು ಹೋಗುತ್ತಾರೆ. ಲಾರಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಈವರೆಗೆ ವಿಚಾರಿಸಿಲ್ಲ. ನಮ್ಮ ಮನೆಯಲ್ಲಿ 'ಕೋಳಿ' ಎಂಬ ಮಾತನ್ನೇ ಆಡುವುದಿಲ್ಲ. 'ಶೆಡ್ಡು' ಅನ್ನುತ್ತೇವೆ. "ಶೆಡ್ಡಿಗೆ ನೀರು ಬಿಟ್ರಾ?" "ಶೆಡ್ಡಿಗೆ ಜ್ವರ ಬಂದೈತಿ ಕಾಣ್ತತಿ." ನೆಂಟರ ಮನೆಯ ಮದುವೆಯಲ್ಲಿ ಒಬ್ಬರು, "ಈಗೇನು ಮಾಡ್ತಿದ್ದೀರಿ ಗೌಡ್ರೆ?" ಎಂದು ಕೇಳಿದರು. "ಒಂದು ಶೆಡ್ ಐತಿ" ಎಂದೆ. "ಯಾವುದರ ಶೆಡ್ಡು?" ಎಂದರು. "ಉದ್ದಂದು" ಎಂದೆ.

ಶೆಡ್ಡಿನ ಬಾಗಿಲಿಗೆ ಕಂಪನಿಯ ಒಂದು ರಟ್ಟಿನ ಹಾಳೆ ತೂಗುಹಾಕಿರುತ್ತದೆ. ದಿನಾ ಎಷ್ಟು ಮೇವು ತಿಂದವು, ಎಷ್ಟು ನೀರು ಕುಡಿದವು, ಎಷ್ಟು ಸತ್ತವು ಎಂದು ಬರೆಯಬೇಕು. ಕೊನೆಗೆ, ವಿಶೇಷ ಏನಾದರೂ ಇದ್ದರೆ ಬರೆಯಲು, ಷರಾ ಅಂತ ಒಂದು ಮನೆ. ಕಂಪನಿಯ ಸೂಪರ್‌ವೈಸರು, ತಲೆ ನರೆತ ಸಮಾಧಾನದ ಮನುಷ್ಯ, ವಾರಕ್ಕೆರಡು ಸಲ ಬಂದು ಅದನ್ನು ಓದುತ್ತಾರೆ. ಸಾವು ಒಂದೇ ಸಮನೆ ಏರಿದರೆ ಒಳಗೆ ಏನೋ ರೋಗ ಹೊಕ್ಕಿದೆ ಎಂದು ಅರ್ಥ. ಒಂದು ದಿನಕ್ಕೆ ಹತ್ತು ದಾಟಿದರೆ ಅವತ್ತೇ ಫೋನ್ ಮಾಡಬೇಕೆಂದು ತಾಕೀತು. ಕೋಳಿಗೆ ಬಾಯಿಲ್ಲ, ಅದರ ಪರವಾಗಿ ಆ ಹಾಳೆಯೇ ಮಾತಾಡಬೇಕು. ನಾನು ಅದರ ಬಾಯನ್ನೂ ಮುಚ್ಚಿಸಿದೆ. ನನ್ನ ಅಕ್ಷರ ಬಹಳ ಚೆಂದ. ಷರಾದ ಮನೆಯಲ್ಲಿ ದಿನವೂ 'ಸರ್ವರೂ ಕುಶಲ' ಎಂದು ಬರೆಯುತ್ತಿದ್ದೆ. ಮತ್ತೆ ಸೋಮವಾರ ಸಾವಿನ ಮನೆಯಲ್ಲಿ ಸೊನ್ನೆ ಹಾಕುತ್ತಿದ್ದೆ. ಸೋಮವಾರ ಶಿವನ ವಾರ. ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಕೈಯಲ್ಲಿ 'ಸತ್ತವು: ಐದು' ಎಂದು ಬರೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಸೋಮವಾರ ಸತ್ತವನ್ನು ಮಂಗಳವಾರಕ್ಕೆ ಸೇರಿಸುತ್ತಿದ್ದೆ. ಸಾಕಿದ್ದು ಕೊಲ್ಲುವುದಕ್ಕೆ ಎಂಬುದು ನನ್ನ ಶಿವನಿಗೆ ಗೊತ್ತಿರಲಿಲ್ಲ, ಆದರೆ ಯಾವ ವಾರ ಬರೆದೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು ಎಂದು ನಾನು ನಂಬಿದ್ದೆ ಅಂತ ಕಾಣುತ್ತದೆ. ಒಂದು ಸಲ ಸೂಪರ್‌ವೈಸರು ಹಾಳೆ ನೋಡಿ, "ಏನ್ರೀ ಗೌಡ್ರೆ, ನಿಮ್ಮ ಕೋಳಿ ಸೋಮವಾರ ಸಾಯೋದೇ ಇಲ್ವಲ್ಲ?" ಎಂದರು. "ಅವೂ ಸೋಮವಾರ ಮಾಡ್ತಾವ್ರೀ" ಎಂದೆ. ಇಬ್ಬರೂ ನಕ್ಕೆವು. ಅವರು ತಮಾಷೆ ಎಂದುಕೊಂಡರು.

ಶೆಡ್ಡಿನ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತರ ಆಚೆ ಈಚೆ. ಗಂಡ ತೀರಿಕೊಂಡಿದ್ದ, ಮಗಳನ್ನು ಸೊರಬದ ಕಡೆ ಕೊಟ್ಟಿದ್ದಳು, ಊರ ಕೊನೆಯಲ್ಲಿ ನಾಲ್ಕು ನಾಟಿ ಕೋಳಿ ಇಟ್ಟುಕೊಂಡು ಒಬ್ಬಳೇ ಇದ್ದಳು. ತವರು ಸೊರಬ ತಾಲ್ಲೂಕಿನ ಕ್ಯಾಸನೂರು, ಮಂಗನ ಕಾಯಿಲೆಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಊರು. ಹಾಗಾಗಿ ನಾನು ಕ್ಯಾಸನೂರಮ್ಮ ಎಂದು ಕರೆದೆ, ಊರೆಲ್ಲ ಹಾಗೇ ಕರೆಯಿತು. ಓದು ಬರಹ ಇಲ್ಲ. ಆದರೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದವಳು ಒಳಗೆ ಹೋಗದೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದಳು. "ಎಂತ ನಿಂತೀಯ?" ಎಂದರೆ, "ಕೇಳ್ತಾ ಇದೀನಿ" ಎನ್ನುತ್ತಿದ್ದಳು. ಎರಡು ಸಾವಿರ ಕೋಳಿಗಳ ಗದ್ದಲದಲ್ಲಿ ಒಂದು ಸೀನಿದರೆ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಗೋಡೆಯ ಗುಂಟ ನಿಧಾನ ನಡೆದು, ರೆಕ್ಕೆ ಜೋತುಹಾಕಿ ಕೂತದ್ದು ಯಾವುದು, ಗುಂಪು ಬಿಟ್ಟು ಮೂಲೆ ಹಿಡಿದದ್ದು ಯಾವುದು, ಹಿಕ್ಕೆಯ ಬಣ್ಣ ಏನು ಎಂದು ನೋಡುತ್ತಿದ್ದಳು. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತುತ್ತಿದ್ದಳು. ಬಿಟ್ಟ ಕೂಡಲೆ ಉದುರಿದರೆ ಸರಿ, ಉಂಡೆ ಕಟ್ಟಿದರೆ ಹೊಟ್ಟು ಒದ್ದೆಯಾಗಿದೆ, ರೋಗಕ್ಕೆ ಹಾಸಿಗೆ ಹಾಸಿದ ಹಾಗೆ. ಸತ್ತವನ್ನು ಬಾಗಿಲ ಹೊರಗೆ ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸಿ, ನಾನು ಬಂದು ನೋಡಲಿ ಎಂದು ಕಾಯುತ್ತಿದ್ದಳು. ನಾನು ಬೇವಿನ ಮರದ ಹತ್ತಿರವೇ ನಿಂತು, ಮುಖ ತೊಗರ್ಸಿಯ ಕಡೆ ತಿರುಗಿಸಿ, "ಎಷ್ಟವ್ವಾ?" ಎಂದು ಕೂಗುತ್ತಿದ್ದೆ.

"ಬಂದು ನೋಡಿ ಗೌಡ್ರೆ."

"ನೋಡದೇನೈತಿ? ಲೆಕ್ಕ ಹೇಳು ಸಾಕು."

"ಲೆಕ್ಕ ನೋಡಿದ್ರೆ ಎಂತದೂ ಗೊತ್ತಾಗದಿಲ್ಲ. ಕೋಳಿ ನೋಡಿದ್ರೆ ಗೊತ್ತಾಗ್ತದೆ."

ನಾನು ಆ ಮಾತಿಗೆ ನಗುತ್ತಿದ್ದೆ. ಸಂಜೆ ಕಟ್ಟೆಯ ಮೇಲೆ, "ನಮ್ಮ ಶೆಡ್ಡಿಗೆ ದೊಡ್ಡ ಡಾಕ್ಟರಮ್ಮ ಬಂದಾಳ, ಹಿಕ್ಕೆ ಓದಿ ಜಾತಕ ಹೇಳ್ತಾಳ" ಎಂದು ನಾಲ್ಕು ಜನರನ್ನು ನಗಿಸುತ್ತಿದ್ದೆ.

ಅವಳು ಕೆಲಸಕ್ಕೆ ಬಂದ ಆರನೆಯ ವರ್ಷ, ಶ್ರಾವಣದ ಎರಡನೆಯ ಸೋಮವಾರ ನಮ್ಮ ಮನೆಯಲ್ಲಿ ಗುರುಗಳ ಪಾದಪೂಜೆ ಇಟ್ಟುಕೊಂಡೆವು. ನನ್ನ ಜೀವನದ ದೊಡ್ಡ ದಿನ. ಆದರೆ ಗಾಳಿ ಪಶ್ಚಿಮದ್ದು, ಶೆಡ್ಡೂ ಮನೆಯ ಪಶ್ಚಿಮಕ್ಕೇ ಇದೆ. ಗುರುಗಳು ಪಡಸಾಲೆಯಲ್ಲಿ ಕೂತಾಗ ಶೆಡ್ಡಿನ ವಾಸನೆ ಬಂದರೆ ಏನು ಗತಿ? ಶುಕ್ರವಾರವೇ ಹೋಗಿ ಶೆಡ್ಡಿನ ಸುತ್ತಲ ತಾಡಪಲ್ಲಿನ ಪರದೆಗಳನ್ನು ಕೆಳಗಿನ ತನಕ ಇಳಿಸಿ ಕಟ್ಟಿಸಿದೆ. ಹೊರಗೆ ಮೂರು ದಿನದಿಂದ ಬಿಡದ ಜಡಿಮಳೆ.

"ಗಾಳಿ ಆಡದಿದ್ರೆ ಹೊಟ್ಟು ನೆನಿತದೆ ಗೌಡ್ರೆ," ಎಂದಳು ಕ್ಯಾಸನೂರಮ್ಮ. "ಮೊದ್ಲೇ ನೀರಿನ ಪೈಪು ಒಂದ್ಕಡೆ ಸೋರ್ತಾ ಐತೆ."

"ಮೂರು ದಿನ ತಡ್ಕೊಳ್ಳಾಕೆ ಹೇಳು ಅವಕ್ಕೆ."

"ನಾ ಹೇಳ್ತೀನಿ. ಅವು ಕೇಳ್ಬೇಕಲ್ಲ."

ಶನಿವಾರ ಸಂಜೆ ಅವಳು ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದೇ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈ ಬಿಚ್ಚಿದಳು. ಹೋಳಿಗೆಯ ಹೂರಣದ ಉಂಡೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಒಳಗೆ, ಮುಂಚೆಯೇ ಬಂದಿಳಿದ ನೆಂಟರಿಗೆಂದು, ನಿಜವಾದ ಹೂರಣ ರುಬ್ಬುತ್ತಿದ್ದರು. "ಅಡಿಗೆ ಮನಿ ಹತ್ರ ಅದನ್ನ ತರ್ತಾರೇನಬೇ!" ಎಂದು ಗದರಿಸಿ ಕಳಿಸಿದೆ. ಭಾನುವಾರ ಆರು ಸತ್ತವು. ಹಿಕ್ಕೆಯಲ್ಲಿ ರಕ್ತ ಕಂಡಿದೆ ಎಂದು ಹೇಳಿದಳು. ನಾನು ಎರಡು ಕಟ್ಟು ಊದುಬತ್ತಿ ಕೊಟ್ಟು, ಶೆಡ್ಡಿನ ಕಂಬಕ್ಕೊಂದರಂತೆ ಸಿಗಿಸು ಎಂದೆ. ರಕ್ತಭೇದಿಗೆ ಊದುಬತ್ತಿ ಹಚ್ಚಿಸಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅವತ್ತು ಊದುಬತ್ತಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಒಂದು ಮಾತು ಹೇಳಿದಳು. "ನಮ್ಮ ಕಡೆ ಕಾಡಲ್ಲಿ ಒಂದು ಮಂಗ ಸತ್ತು ಬಿದ್ದಿದ್ರೆ, ಕಂಡವ್ರು ಮನಿಗೂ ಹೋಗದಿಲ್ಲ, ಸೀದಾ ಆಸ್ಪತ್ರಿಗೆ ಹೋಗಿ ಹೇಳ್ತಾರೆ ಗೌಡ್ರೆ. ನಾ ಸಣ್ಣೋಳಿದ್ದಾಗ ನಮ್ಮಪ್ಪ ಕೊಟ್ಟಿಗಿ ಹಿಂದೆ ಸತ್ತ ಮಂಗ ಕಂಡಿದ್ದ. ಊರ್ನವ್ರು ಹೆದರ್ತಾರೆ, ನಮ್ಮನಿಗೆ ಯಾರೂ ಬರದಿಲ್ಲ ಅಂತ ಸುಮ್ನೆ ಕಾಡಂಚಿಗೆ ಎಳ್ದು ಹಾಕಿ ಬಂದ. ನನ್ ತಂಗಿ ಸೊಪ್ಪು ತರಕೆ ಅಲ್ಲೇ ಹೋಗ್ತಿದ್ಲು. ಅವ್ಳು ಮಂಗನ ಕಾಯಿಲೇಲೇ ಹೋದ್ಲು. ಸತ್ತದ್ದನ್ನ ಮುಚ್ಚಿಡಬಾರ್ದು." ನಾನು ಆಗ ತೋರಣಕ್ಕೆ ಮಾವಿನ ಸೊಪ್ಪು ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. "ಪೂಜಿ ಮುಗೀಲಿ ತಡಿ" ಎಂದೆ.

ಸೋಮವಾರ ಗುರುಗಳು ಬಂದರು. ಪಾದಪೂಜೆ ಆಯಿತು. ಮಂಗಳಾರತಿ ಮುಗಿಸಿ ಕೂತವರು ಒಮ್ಮೆ ಗಾಳಿಯನ್ನು ಮೂಸಿ ನೋಡಿ, "ಕೋಳಿ ಎಷ್ಟು ಸಾಕಿದ್ದೀರಿ?" ಎಂದು ಕೇಳಿದರು. ನಮ್ಮ ಮನೆಯೊಳಗೆ ಆ ಶಬ್ದ ಕೇಳಿಬಂದದ್ದು ಅದೇ ಮೊದಲು, ಅದೂ ಯಾರ ಬಾಯಿಂದ! "ಎರಡು ಸಾವಿರ, ಬುದ್ಧೀ" ಎಂದೆ. "ಆರೋಗ್ಯವಾಗಿವೆಯೋ? ಇಷ್ಟೊಂದು ಊದುಬತ್ತಿ ಹಚ್ಚಿದ್ದೀರಿ, ಉಸಿರುಕಟ್ಟೀತು ಅವಕ್ಕೆ." ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕ್ಯಾಸನೂರಮ್ಮ ನಿಂತಿದ್ದಳು. ಒಳಗೆ ಬರಲಿಲ್ಲ. ನನ್ನನ್ನೇ ನೋಡುತ್ತಾ ಎರಡೂ ಕೈಯ ಹತ್ತು ಬೆರಳು ತೋರಿಸಿದಳು, ಮಡಿಸಿದಳು, ಮತ್ತೆ ಒಂದು ತೋರಿಸಿದಳು. ಹನ್ನೊಂದು. ನಾನು ಗುರುಗಳ ಕಡೆ ತಿರುಗಿ, "ಸರ್ವರೂ ಕುಶಲ, ಬುದ್ಧೀ" ಎಂದೆ. ಬರೆದು ಬರೆದು ರೂಢಿಯಾಗಿತ್ತು.

ಹಾಳೆಯಲ್ಲಿ ಅವತ್ತು ಸೊನ್ನೆ. ಮಂಗಳವಾರ ಇಪ್ಪತ್ತು ಸತ್ತವು. ಮೂವತ್ತೊಂದು ಎಂದು ಬರೆದರೆ ಸೂಪರ್‌ವೈಸರು ಓಡಿ ಬರುತ್ತಾರೆ, ಜೊತೆಗೆ ಡಾಕ್ಟರು ಬರುತ್ತಾರೆ, ನಮ್ಮ ಹೊಲದಲ್ಲೇ ಕೋಳಿ ಕೊಯ್ದು ನೋಡುತ್ತಾರೆ. ಅದೂ ಶ್ರಾವಣದಲ್ಲಿ, ಗುರುಗಳ ಪಾದ ಸೋಕಿದ ಮರುದಿನ. ಹಾಗಾಗಿ ನಾನು ಒಂದು ಯೋಜನೆ ಮಾಡಿದೆ. ಮೂವತ್ತೊಂದನ್ನು ದಿನಕ್ಕೆ ನಾಲ್ಕರಂತೆ ಮುಂದಿನ ದಿನಗಳಿಗೆ ಹಂಚಿದೆ. ಮುಂದಿನ ಬುಧವಾರದ ತನಕ ಸಾಯಬೇಕಾದ ಕೋಳಿಗಳನ್ನೆಲ್ಲ ನಾನು ಮುಂಗಡವಾಗಿ ಸಾಯಿಸಿಟ್ಟಿದ್ದೆ. ರೋಗ ನನ್ನ ಯೋಜನೆಯನ್ನು ಓದಿರಲಿಲ್ಲ. ಬುಧವಾರ ಬೆಳಗ್ಗೆ ಗೋಣಿಚೀಲ ಸಾಲದೆ ಅವಳು ಇನ್ನೊಂದು ಚೀಲ ಹಾಸಿದ್ದಳು.

ಅವತ್ತು ಅವಳು ಮಧ್ಯಾಹ್ನ ಕಾಣಲಿಲ್ಲ. ಆಗಷ್ಟೇ ಸತ್ತ ಒಂದು ಕೋಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತನ್ನ ಬುತ್ತಿಯ ಚೀಲದಲ್ಲಿಟ್ಟುಕೊಂಡು ಶಿಕಾರಿಪುರದ ಬಸ್ಸು ಹತ್ತಿದ್ದಳು. ದನದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಅದನ್ನು ಕೊಯ್ದು ನೋಡಿ, ಕರುಳಿನ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಕಂಡು, ಒಂದು ತೊಟ್ಟು ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗೂ ಇಟ್ಟು, ಕಂಪನಿಗೆ ಫೋನು ಮಾಡಿದರು. ಗುರುವಾರ ಬೆಳಿಗ್ಗೆ ಡಾಕ್ಟರಮ್ಮನೂ ಸೂಪರ್‌ವೈಸರೂ ಜೀಪಿನಲ್ಲಿ ಬಂದಿಳಿದರು. ಅವರ ಹಿಂದೆಯೇ ಊರಿನ ಉಳಿದ ಶೆಡ್ಡಿನವರೂ ಬಂದರು. ನಮ್ಮಲ್ಲಿ ಹೊಕ್ಕದ್ದು ನಾಳೆ ಅವರಲ್ಲಿಗೂ ಹೋಗಬಹುದಲ್ಲ. ಇಪ್ಪತ್ತು ಜನ ಆಗಿರಬಹುದು. ದಿನಾ ಕಟ್ಟೆಯ ಮೇಲೆ ನಾನು ನಗಿಸುತ್ತಿದ್ದ ಜನವೇ.

ಡಾಕ್ಟರಮ್ಮ ಕೇಳಿದರು, "ಇದು ಯಾವತ್ತಿಂದ ಶುರುವಾಯ್ತು?"

ಸೂಪರ್‌ವೈಸರು ಹಾಳೆ ಕೈಗೆ ತೆಗೆದುಕೊಂಡು, "ಇಲ್ಲಿ ಏನೂ ಇಲ್ವಲ್ಲ ಗೌಡ್ರೆ. ನಾಲ್ಕು, ನಾಲ್ಕು, ಸರ್ವರೂ ಕುಶಲ..." ಎಂದು ಜೋರಾಗಿ ಓದಿದರು.

ಆಗ ನಾನು ಸತ್ಯ ಹೇಳಬಹುದಾಗಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಬಾಯಿ ತೆರೆದೆ, ಬೇರೆ ವಾಕ್ಯ ಬಂತು. "ನನಗೇನು ಗೊತ್ರೀ? ಒಳಗೆ ಹೋಗಿ ಬರಾಕಿ ಇವಳು. ಹೇಳಿದಷ್ಟು ಬರದೀನಿ. ಮನ್ಯಾಗೆ ನಾಟಿ ಕೋಳಿ ಸಾಕ್ಯಾಳೆ, ಅಲ್ಲಿಂದ ಕಾಲಾಗೆ ತಂದಾಳೆ." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಸುಳ್ಳುಗಾರ ಆಗಿರುತ್ತಿದ್ದೆ. ಜನ ನನ್ನ ಮುಖ ನೋಡುತ್ತಿದ್ದರು, ನಗಿಸುವ ಚಟ ಬೇರೆ. "ರೋಗಕ್ಕೇ ಹೆಸರು ಕೊಟ್ಟ ಊರಿನಾಕಿ. ತವರಿಂದ ಬಳುವಳಿ ತರದೆ ಇರ್ತಾಳೇನ್ರೀ?" ಎಂದೆ. ಜನ ನಕ್ಕರು. ಚೆನ್ನಾಗಿಯೇ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ಬಂದು ಅಲ್ಲ.

ಶೆಡ್ಡಿನ ಬಾಗಿಲಲ್ಲಿ ಒಳಗೆ ಹೋಗುವವರು ಕಾಲು ಅದ್ದಿ ಹೋಗಲೆಂದು ಔಷಧಿ ನೀರಿನ ಬಾನಿ ಇಟ್ಟಿರುತ್ತಾರೆ. ಬಾಗಿಲ ಒಳಗೇ ನಿಂತಿದ್ದ ಕ್ಯಾಸನೂರಮ್ಮ ಹೊರಗೆ ಬಂದು, ಅದರಲ್ಲಿ ಎರಡೂ ಕಾಲು ಅದ್ದಿ, ಉಜ್ಜಿ ಉಜ್ಜಿ ತೊಳೆದುಕೊಂಡಳು. "ಇದೆಂತಕೆ ಈಗ?" ಎಂದರು ಸೂಪರ್‌ವೈಸರು. "ನಮ್ಮನೇಲಿ ನಾಲ್ಕು ಕೋಳಿ ಅದಾವಲ್ಲ ಸಾರ್, ಇಲ್ಲಿಂದು ಅವಕ್ಕೆ ಹತ್ತಬಾರ್ದು" ಎಂದು ಹೇಳಿ, ಬುತ್ತಿ ಚೀಲ ತೆಗೆದುಕೊಂಡು ಹೋದಳು.

ನಾಲ್ಕು ದಿನ ಬಿಟ್ಟು, ಔಷಧಿ ಕುಡಿಸಿ ರೋಗ ತಹಬಂದಿಗೆ ಬಂದ ಮೇಲೆ ಡಾಕ್ಟರಮ್ಮ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಹೇಳಿದರು. ಇದು ಕಣ್ಣಿಗೆ ಕಾಣದ ಒಂದು ಪರೋಪಜೀವಿ, ಹೊಟ್ಟಿನಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ. ಒದ್ದೆ ಸಿಕ್ಕರೆ, ಗಾಳಿ ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಬಲಿಯುತ್ತದೆ. ಯಾರ ಕಾಲನ್ನೂ ಕಾಯುವುದಿಲ್ಲ. "ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಹೇಳಿದ್ದರೆ ಹತ್ತಿಪ್ಪತ್ತರಲ್ಲಿ ಮುಗೀತಿತ್ತು. ಆ ಹೆಂಗಸು ಕಂಡಿದ್ದಾಳೆ. ನನಗಿಂತ ಚೆನ್ನಾಗಿ ಕಂಡಿದ್ದಾಳೆ. ಕೆಲಸಕ್ಕೆ ವಾಪಸು ಕರೀರಿ." ಆಗಲಿ ಎಂದೆ, ಕರೆಯಲು ಹೋಗಲಿಲ್ಲ. ಅಷ್ಟರಲ್ಲಿ ಊರಿನ ಯಾವ ಶೆಡ್ಡಿನವರೂ ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಟ್ಟೆಯ ಮೇಲೆ ನನ್ನ ಬಳುವಳಿಯ ಮಾತನ್ನು ನನಗಿಂತ ಚೆನ್ನಾಗಿ ಹೇಳುವವರು ಹುಟ್ಟಿಕೊಂಡಿದ್ದರು. ಡಾಕ್ಟರಮ್ಮ ಹೇಳಿದ್ದನ್ನು ನಾನು ಅದೇ ಕಟ್ಟೆಯ ಮೇಲೆ ಹೇಳಿದ್ದರೆ ಆಗಿತ್ತು. ಹೇಳಲು ಹೋದೆ. ಅವತ್ತು ಮೆಕ್ಕೆಜೋಳದ ಹುಳದ ಮಾತು ನಡೆದಿತ್ತು. ನಡುವೆ ಬಾಯಿ ಹಾಕುವುದು ಸರಿಯಲ್ಲ ಎನಿಸಿತು. ದೀಪಾವಳಿಯ ಹೊತ್ತಿಗೆ ಅವಳು ತನ್ನ ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಸೊರಬದ ಆಚೆ ಜಡೆ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದಳು.

ಹೋದ ವರ್ಷ ನಾನು ಸೊರಬದಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಹೊರಟೆ. ಸೊರಬದಲ್ಲಿ ನನಗೆ ಜಡೆಯ ಬಸ್ಸು ಹತ್ತುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಕೊಂಡುಕೊಂಡೆ. ಬಸ್ಸಿನಲ್ಲಿ ಮಾತು ಜೋಡಿಸುತ್ತಾ ಹೋದೆ. 'ಕ್ಷಮಿಸು' ಅನ್ನೋಣವೆಂದರೆ ಅದು ನಾಟಕದ ಮಾತು. 'ತಪ್ಪಾತು' ಎನ್ನಬೇಕು. ಊರಿನ ನ್ಯಾಯ ಪಂಚಾಯ್ತಿಯಲ್ಲಿ ಈ ಶಬ್ದವನ್ನು ನಾನು ಎಷ್ಟು ಜನರ ಬಾಯಿಂದ ಹೇಳಿಸಿದ್ದೇನೆ! "ಎದ್ದು ನಿಂತು ಹೇಳೋ. ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳೋ" ಎಂದು ಗದರಿಸಿ ಹೇಳಿಸಿದ್ದೇನೆ. ಹೇಳಿಸುವುದರಲ್ಲಿ ನನಗಿರುವ ಅನುಭವ ಹೇಳುವುದರಲ್ಲಿ ಇರಲಿಲ್ಲ.

ಜಡೆಯಲ್ಲಿ ಇಳಿದು, ಅಂಗಡಿಯವನೊಬ್ಬನನ್ನು, "ಕ್ಯಾಸನೂರಮ್ಮನ ಮನಿ ಎಲ್ಲೈತಿ?" ಎಂದು ಕೇಳಿದೆ. "ಆ ಹೆಸ್ರಿನವ್ರು ಇಲ್ಲಿ ಯಾರೂ ಇಲ್ಲ ಮಾರಾಯ್ರೆ. ಕ್ಯಾಸನೂರಿಂದ ಬಂದೋರು ಬೇಕಾದಷ್ಟು ಜನ ಅದಾರೆ. ಹೆಸರು ಹೇಳಿ" ಎಂದ. ನನಗೆ ಹೆಸರು ಗೊತ್ತಿರಲಿಲ್ಲ. ಆರು ವರ್ಷ ನನ್ನ ಶೆಡ್ಡಿನಲ್ಲಿ ದುಡಿದವಳ ಹೆಸರು! ಅಂಗಡಿಯವನಿಗೆ ಬೆನ್ನು ಮಾಡಿ ಮನೆಗೆ ಫೋನು ಹಚ್ಚಿದೆ. ನಮ್ಮ ಮನೆಯವಳು, "ಸೊರಬದ ಕೆಲಸ ಇದೇನು?" ಎಂದಳು. ಆಮೇಲೆ ಹೆಸರು ಹೇಳಿದಳು. "ಈಗಾದ್ರೂ ಹೇಳಿ ಬರ್ರಿ" ಎಂದೂ ಹೇಳಿ ಫೋನಿಟ್ಟಳು.

ಅವಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಪಕ್ಕದ ಮನೆಯವಳು ತಂದಿದ್ದ ಹೇಂಟೆಯ ರೆಕ್ಕೆ ಎತ್ತಿ ಹೇನು ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದು, "ಓ ಗೌಡ್ರು! ಬನ್ನಿ, ಕೂರಿ. ಅಮ್ಮಾರು ಹುಷಾರಾಗಿದಾರಾ?" ಎಂದಳು. ಚಹಾ ಕೊಟ್ಟಳು. ಕುಡಿದೆ. ಬಾಳೆಹಣ್ಣು ಕೊಟ್ಟೆ, ಒಳಗಿಟ್ಟು ಬಂದಳು. ಇನ್ನು ಹೇಳಬೇಕು. ಎದ್ದು ನಿಂತೆ. "ಏನು ಗೌಡ್ರೆ?" ಎಂದಳು. ನಾನು ಜೇಬಿನಿಂದ ಮೊಬೈಲು ತೆಗೆದು, "ಏನಿಲ್ಲವ್ವ, ಮೊನ್ನೆಯಿಂದ ಹಿಕ್ಕೆ ಯಾಕೋ ಹಸರಗೆ ಕಾಣ್ತತಿ. ಫೋಟೋ ತಂದೀನಿ, ನೋಡು" ಎಂದೆ.

ಅವಳು ಮೊಬೈಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಎಷ್ಟು ಸತ್ತಾವೆ ಎಂದು ಕೇಳಿದಳು. ಹೇಳಿದೆ. "ನೀವೇ ಎಣಿಸಿದ್ದಾ?" ಎಂದಳು. ನಾನೇ ಎಂದೆ. "ಮೇವು ತಿಂತಾ ಇದಾವಾ, ಕತ್ತು ಗಿತ್ತು ತಿರುಚ್ತಾ ಇಲ್ಲ ತಾನೆ?" ಇಲ್ಲ ಎಂದೆ. "ಹಂಗಾದ್ರೆ ಹೆದ್ರಬೇಡಿ. ಆದ್ರೂ ಡಾಕ್ಟರಮ್ಮಂಗೆ ಒಂದು ಮಾತು ಹೇಳಿಬಿಡಿ, ಇವತ್ತೇ." ಹೂಂ ಎಂದು ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೋದವನು ಸಲಹೆ ಕೇಳಿಕೊಂಡು ಬಂದೆ. ಅವಳು ಹೇಳಿದ ಹಾಗೆಯೇ ಫೋನು ಮಾಡಿದೆ, ಕೋಳಿಗಳು ಉಳಿದವು.

ನಮ್ಮ ಮನೆಯವಳು ಈ ಹಾಳೆಗಳನ್ನು ಓದಿದಳು. ಓದಿ, "ಆಕಿಗೆ ಓದಾಕೆ ಬರಾದಿಲ್ಲ ಅನ್ನೋ ಧೈರ್ಯದ ಮ್ಯಾಲೆ ಇಷ್ಟೆಲ್ಲ ಬರದೀರಿ" ಎಂದಳು. ನಾನು ಪೆನ್ನಿಗೆ ಮುಚ್ಚಳ ಹಾಕಲು ಹೋದೆ. "ಹೆಸರಾದ್ರೂ ಹಾಕ್ರಿ" ಎಂದಳು.

ಗುತ್ಯಮ್ಮ.